ಉಳವಪ್ಪನ ಉಳಿಯ ಗುರುತು

ಚಿಕ್ಕೇರೂರಿನ ಉಳವಪ್ಪ ಹಗ್ಗ ಕಂಡು ಹಾವೆಂದು ಹೆದರುವವನಲ್ಲ. ಹಾವನ್ನೇ ಕಂಡರೂ, ಇದನ್ನು ಇಲ್ಲಿ ತಂದು ಬಿಟ್ಟವರು ಯಾರು ಎಂದು ಕೇಳುವವನು. ಹಾಲು ಕೊಡುವವಳು ಅವನ ಕಣ್ಣೆದುರಿಗೇ ಹಿಂಡಿ ಕೊಡಬೇಕು. ಲಗ್ನಪತ್ರಿಕೆ ಹಿಡಿದು ಬಂದವರನ್ನು ಅವನು ಮೊದಲು ಅಡಿಯಿಂದ ಮುಡಿಯವರೆಗೆ ನೋಡುತ್ತಿದ್ದ. ಇಷ್ಟು ಆಸ್ಥೆಯಿಂದ ನನ್ನನ್ನು ಕರೆಯಲು ಬಂದಿದ್ದಾರಲ್ಲ, ಇವರ ಹೊಟ್ಟೆಯಲ್ಲಿ ಏನಿದೆ ಎಂದು ಅಳೆದು ಸುರಿದು, ಆಮೇಲೆ ಪತ್ರಿಕೆ ಮುಟ್ಟುತ್ತಿದ್ದ.

ಹುಟ್ಟುತ್ತಲೇ ಹಾಗಿದ್ದವನಲ್ಲ. ಪ್ರಾಯದಲ್ಲಿ ಹಿರೇಕೆರೂರಿನಲ್ಲಿ ರೈತರ ಮಾಲು ಮಾರಿಸುವ ಒಂದು ಅಡತಿ ಅಂಗಡಿಯಲ್ಲಿ ತೂಕಕ್ಕೆ ನಿಂತ, ಕೂದಲು ಬೆಳ್ಳಗಾಗುವವರೆಗೆ ಅಲ್ಲೇ ನಿಂತ. ತೂಕಕ್ಕೆ ನಿಂತವನಿಗೆ ಲೋಕದ ಮೇಲೆ ನಂಬಿಕೆ ಉಳಿಯುವುದು ಕಷ್ಟ. ತಕ್ಕಡಿಯ ತಳಕ್ಕೆ ಹುಣಸೆಹಣ್ಣು ಮೆತ್ತಿದ್ದನ್ನು ಅವನು ಕಂಡ. ಹತ್ತಿಯ ನಡುವೆ ಒದ್ದೆ ಗೋಣಿ ತುರುಕಿದ್ದನ್ನು ಕಂಡ. ಗೋವಿನಜೋಳದ ಚೀಲದ ತಳದಲ್ಲಿ ಕಲ್ಲು ಕಂಡ. ಸಂಜೆ ಗೋದಾಮಿಗೆ ಹಾಕಿದ ತುಂಬಿದ ಚೀಲ ಬೆಳಗಾಗುವುದರೊಳಗೆ ಬಾಣಂತಿಯ ಹೊಟ್ಟೆಯಂತೆ ಇಳಿದಿರುವುದನ್ನೂ ಕಂಡ. ಅದಕ್ಕೆ ಅವನೇ ಒಂದು ಉಪಾಯ ಹುಡುಕಿದ. ಚೀಲದ ಬಾಯಿ ಹೊಲಿದ ಮೇಲೆ, ಅರ್ಧ ಹೊಲಿಗೆಯ ಮೇಲೆ ಅರ್ಧ ಚೀಲದ ಮೇಲೆ ಬರುವಂತೆ ಕೆಮ್ಮಣ್ಣಿನ ಒಂದು ಗೆರೆ ಎಳೆಯುವುದು. ಯಾರಾದರೂ ಹೊಲಿಗೆ ಬಿಚ್ಚಿ ಮತ್ತೆ ಹೊಲಿದರೆ ಆ ಎರಡು ಅರ್ಧಗಳು ಎದುರುಬದುರು ಕೂಡುವುದಿಲ್ಲ. ವಾರದೊಳಗೆ ಕಳ್ಳ ಸಿಕ್ಕಿಬಿದ್ದ. ಮಾಲೀಕ ಉಳವಪ್ಪನ ಬೆನ್ನು ತಟ್ಟಿದ. ಆವತ್ತು ಆ ಪುಣ್ಯಾತ್ಮ ಬೆನ್ನು ತಟ್ಟದೆ ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

ಯಾಕೆಂದರೆ ಆ ಗೆರೆ ಚೀಲದಿಂದ ಇಳಿದು ಮನೆಗೆ ಬಂತು. ಉಪ್ಪಿನಕಾಯಿ ಭರಣಿಯ ಮುಚ್ಚಳಕ್ಕೆ ಬಂತು, ಕಾಳಿನ ಡಬ್ಬಿಗೆ ಬಂತು, ಹಿತ್ತಲ ಬಾಗಿಲಿನ ಅಗುಳಿಗೆ ಬಂತು. ಹೆಂಡತಿ ಸಿದ್ದವ್ವ ಮದುವೆಯಾಗಿ ಬಂದ ಹೊಸದರಲ್ಲಿ ಅದನ್ನು ಕಂಡು ನಕ್ಕಳು. ಆಮೇಲೆ ಬೈದಳು. ಆಮೇಲೆ ಸುಮ್ಮನಾದಳು. ಸುಮ್ಮನಾದದ್ದನ್ನು ಉಳವಪ್ಪ ಒಪ್ಪಿಗೆ ಎಂದು ತಿಳಿದ. ಜಗತ್ತನ್ನೆಲ್ಲ ಅನುಮಾನಿಸುವ ಗಂಡಸರೂ ಹೆಂಡತಿಯ ಮೌನವನ್ನು ಮಾತ್ರ ಕಣ್ಣುಮುಚ್ಚಿ ನಂಬಿಬಿಡುತ್ತಾರೆ.

ಅಂಗಡಿಯ ಮಾಲೀಕ ಹೊಸ ಕಾರು ಕೊಂಡಾಗ ತನ್ನ ಹಳೆಯ ಬಿಳಿ ಅಂಬಾಸಿಡರನ್ನು ಉಳವಪ್ಪನಿಗೆ ಬಿಟ್ಟುಕೊಟ್ಟ. ಅದು ಸುತ್ತಿನ ಊರುಗಳ ಮದುಮಕ್ಕಳನ್ನು ಹೊತ್ತು ಹಾನಗಲ್ಲು, ಸವಣೂರು, ಶಿಗ್ಗಾವಿ ಎಂದು ತಿರುಗಿತು. ಬಾಡಿಗೆ ಇಲ್ಲದ ದಿನ ಉಳವಪ್ಪನ ಪಕ್ಕದ ಸೀಟು ಸಿದ್ದವ್ವನದು. ಸೆರಗು ಹೊದ್ದು, ಕಿಟಕಿಯ ಮೇಲೆ ಮೊಣಕೈ ಇಟ್ಟು, ಊರ ಹೆಂಗಸರು ನೋಡುವಂತೆ ಅವಳು ಕೂರುತ್ತಿದ್ದಳು. ಅವಳು ಹಾಗೆ ಕೂತಾಗ ಉಳವಪ್ಪನಿಗೆ ಯಾರ ಮೇಲೂ ಅನುಮಾನ ಇರುತ್ತಿರಲಿಲ್ಲ. ಇದ್ದರೂ ಸ್ವಲ್ಪ ಕಡಿಮೆ ಇರುತ್ತಿತ್ತು.

ಒಂದು ಸಲ ಶಿಗ್ಗಾವಿಯಲ್ಲಿ ಕಾರು ಕೆಟ್ಟು ನಿಂತು, ಅಲ್ಲಿಯ ಒಂದು ಗ್ಯಾರೇಜಿನಲ್ಲಿ ಬಿಟ್ಟುಬರಬೇಕಾಯಿತು. ಮರುದಿನ ಹೋಗಿ ಚಾಲೂ ಮಾಡಿದರೆ ಎಂಜಿನ್ನಿನ ಸದ್ದು ಬದಲಾಗಿತ್ತು. ಸುಧಾರಿಸಿತ್ತು, ಅದಕ್ಕೇ ಅವನಿಗೆ ಅನುಮಾನ ಬಂತು. ಒಳಗಿನ ಯಾವುದೋ ಸಾಮಾನು ಬದಲಿಸಿದ್ದಾರೆ, ಇಲ್ಲದಿದ್ದರೆ ಇಷ್ಟು ಚಲೋ ಯಾಕೆ ಓಡುತ್ತದೆ? ಮನೆಗೆ ಬಂದವನೇ ಉಳಿ ಸುತ್ತಿಗೆ ತೆಗೆದ. ಬಿಸಿ ಎಂಜಿನ್ನಿನ ಮೇಲೆ ಕೆಮ್ಮಣ್ಣು ನಿಲ್ಲುವುದಿಲ್ಲವಲ್ಲ. ಎಂಜಿನ್ನಿನ ಮೇಲೆ ಹೆಡ್ಡನ್ನು ಬಿಗಿದ ಒಂದೊಂದು ನಟ್ಟಿಗೂ, ಅರ್ಧ ನಟ್ಟಿನ ಮೇಲೆ ಅರ್ಧ ಅದು ಕೂತ ತಿರುಪಿನ ಸರಳಾದ ಸ್ಟಡ್ಡಿನ ಮೇಲೆ ಬರುವಂತೆ ಉಳಿಯಿಟ್ಟು ಬಾರಿಸಿದ. ಇನ್ನು ಯಾರು ಬಿಚ್ಚಿದರೂ ಗುರುತು ಜರುಗುತ್ತದೆ, ತನಗೆ ತಿಳಿಯುತ್ತದೆ. ಅಂದಿನಿಂದ ಕಾರು ಬೇರೆಯವರ ಕೈಗೆ ಹೋಗಲಿಲ್ಲ.

ಈ ವರ್ಷ ಹೋಳಿ ಕಳೆದ ಮೇಲೆ ಸಿದ್ದವ್ವ ಕಣ್ಣು ತೋರಿಸಿಕೊಂಡು ಬರುತ್ತೇನೆಂದು ಬಸ್ಸಿನಲ್ಲಿ ಹಾನಗಲ್ಲಿಗೆ ಹೋದಳು. ಅಲ್ಲಿ ಅವಳ ಅಕ್ಕ ಮಾದೇವಿಯ ಮನೆ. ಉಳವಪ್ಪ ಮಾದೇವಿಗೆ ಫೋನು ಮಾಡಿ ಬಂದಳೇ ಎಂದು ಕೇಳಿದ. ಬಂದು, ಊಟ ಮಾಡಿ, ಕನ್ನಡಕದ ಅಂಗಡಿಗೆ ಹೋಗಿದ್ದಾಳೆ ಎಂದಳು ಅವಳು. ಅಕ್ಕ ತಂಗಿಯರು ಒಂದೇ ಬಳ್ಳಿಯ ಕಾಯಿ, ಇವಳ ಮಾತು ಹೇಗೆ ನಂಬುವುದು? ಅಂಗಡಿಯ ನಂಬರು ಹುಡುಕಿ ಅಲ್ಲಿಗೂ ಫೋನು ಹಚ್ಚಿದ. ಅಂಗಡಿಯವನು ತುಂಬಿದ ಮಂದಿಯ ನಡುವೆ ಗಟ್ಟಿಯಾಗಿ ಕೂಗಿದ: "ಸಿದ್ದವ್ವ ಅನ್ನೋರು ಯಾರ್ರೀ? ನಿಮ್ಮ ಯಜಮಾನ್ರು ಫೋನ್ ಮಾಡ್ಯಾರ. ನೀವು ಖರೇನ ಇಲ್ಲಿ ಅದೀರೋ ಇಲ್ಲೋ ಕೇಳಾಕತ್ತಾರ!"

ಕುರ್ಚಿಗಳ ಮೇಲೆ ಕೂತವರು ನಕ್ಕದ್ದು ಫೋನಿನಲ್ಲಿ ಉಳವಪ್ಪನಿಗೂ ಕೇಳಿಸಿತು. ಆಮೇಲೆ ಸಿದ್ದವ್ವನ ದನಿ ಬಂತು. ಅದರಲ್ಲಿ ಸಿಟ್ಟಿರಲಿಲ್ಲ.

"ಇಲ್ಲೇ ಅದೇನ್ರಿ. ಖಾತ್ರಿ ಆತಲ್ಲ? ಇನ್ನ ಇಲ್ಲೇ ಇರ್ತೇನಿ."

ಹೇಳಿದಂತೆಯೇ ಮಾಡಿದಳು. ಆ ದಿನ ಬರಲಿಲ್ಲ, ಆ ವಾರ ಬರಲಿಲ್ಲ. ಫೋನು ಮಾಡಿದರೆ ಮಾದೇವಿಯೇ ಎತ್ತಿ, "ಆಕಿ ಮಕ್ಕೊಂಡಾಳ" ಎನ್ನುತ್ತಿದ್ದಳು. ನಡುಮಧ್ಯಾಹ್ನವೂ ನಿದ್ದೆ, ಸಂಜೆಯೂ ನಿದ್ದೆ. ಮೊದಮೊದಲು ಉಳವಪ್ಪ ತನ್ನ ಹಳೆಯ ದಾರಿಯಲ್ಲೇ ಯೋಚಿಸಿದ. ಅವಳಿಗೆ ಅಲ್ಲಿ ಇಷ್ಟು ದಿನ ಇರುವಂಥದ್ದೇನಿದೆ? ಯಾರು ತಲೆ ತುಂಬಿದರು? ಯೋಚಿಸುತ್ತ ರೊಟ್ಟಿ ಬಡಿದ, ರೊಟ್ಟಿ ಹರಿದವು. ಚಹಾ ಕಾಸಿದ, ಉಕ್ಕಿತು. ಮನೆಯಲ್ಲಿ ಅನುಮಾನಿಸುವುದಕ್ಕೂ ಒಬ್ಬರು ಇರಲಿಲ್ಲ. ಒಂದು ಬೆಳಗ್ಗೆ ಅವಳ ಸೀರೆ ಒಣಗುವ ತಂತಿ ಬರಿದಾಗಿ ಅಲ್ಲಾಡುವುದನ್ನು ಕಂಡ. ಅವಳು ಬಾರದೇ ಹೋದರೆ ಎಂಬ ಹೆದರಿಕೆ ಮೊದಲ ಸಲ ಅವನನ್ನು ಹಿಡಿಯಿತು. ಹೋಗಿ ಕರೆತರಬೇಕು ಎಂದು ನಿಶ್ಚಯಿಸಿದ. ಬಸ್ಸಿನಲ್ಲಲ್ಲ; ಬಸ್ಸಿನಲ್ಲಾದರೆ ಇಲ್ಲಿಂದ ಹಾನಗಲ್ಲಿನವರೆಗೆ ಸಿಕ್ಕವರಿಗೆಲ್ಲ ಉತ್ತರ ಹೇಳಬೇಕು. ಅವಳು ತನ್ನ ಸೀಟಿನಲ್ಲಿ ಕೂತು, ಕಿಟಕಿಗೆ ಮೊಣಕೈ ಕೊಟ್ಟು ಊರಿಗೆ ಬರಬೇಕು.

ಕಾರು ಚಾಲೂ ಮಾಡಿದರೆ ಹಿಂದಿನಿಂದ ಬೆಳ್ಳಗೆ ಹೊಗೆ ಬಂತು, ರೇಡಿಯೇಟರು ಕುದಿಯಿತು. ಆಯಿಲ್ ನೋಡುವ ಕಡ್ಡಿ ಎಳೆದರೆ ಅದಕ್ಕೆ ಹಾಲು ಹಾಕಿದ ಚಹಾದಂಥದ್ದು ಹತ್ತಿಕೊಂಡು ಬಂತು. ನೀರೂ ಆಯಿಲೂ ಒಂದಾಗಿವೆ; ಎಂಜಿನ್ನಿಗೂ ಅದರ ತಲೆಯ ಮೇಲೆ ಕೂರುವ ಹೆಡ್ಡಿಗೂ ನಡುವೆ ಸೋರದಂತೆ ಇಟ್ಟ ಗ್ಯಾಸ್ಕೆಟ್ ಸುಟ್ಟಿದೆ. ಹೆಡ್ಡು ಇಳಿಸಿ ಹೊಸ ಗ್ಯಾಸ್ಕೆಟ್ ಹಾಕಬೇಕು. ಯಾರನ್ನಾದರೂ ಕರೆಸುವ ಮಾತೇ ಇಲ್ಲ. ಹಿತ್ತಲಿನ ತಗಡಿನ ಚಪ್ಪರದಡಿ ಕಾರು ತಳ್ಳಿ, ಲುಂಗಿ ಮೇಲಕ್ಕೆ ಕಟ್ಟಿ, ನಟ್ಟು ಬಿಚ್ಚುವ ಪಾನ ಹಿಡಿದು ತಾನೇ ನಿಂತ.

ಮೊದಲ ನಟ್ಟು ಕದಲಲಿಲ್ಲ. ಎರಡನೆಯದೂ ಕದಲಲಿಲ್ಲ. ಪಾನದ ಹಿಡಿಗೆ ಕಬ್ಬಿಣದ ಪೈಪು ತೂರಿಸಿ ಜೋತುಬಿದ್ದ. ಪಾನ ಜಾರಿ ಬೆರಳ ಗೆಣ್ಣು ಸುಲಿಯಿತು, ನಟ್ಟಿನ ಮೂಲೆ ಸವೆಯಿತು, ನಟ್ಟು ಮಾತ್ರ ಇದ್ದಲ್ಲೇ ಇತ್ತು. ಪಕ್ಕದ ಮನೆಯ ಫಕ್ಕೀರಪ್ಪ ಬೇವಿನ ಕಡ್ಡಿ ಕಚ್ಚಿಕೊಂಡು ಗೋಡೆಯ ಆಚೆಯಿಂದ ನೋಡುತ್ತಿದ್ದ.

"ಉಳವಪ್ಪಣ್ಣಾ, ಡೀಸೆಲ್ ಹಾಕಿ ನೆನೀಲಿ ಬಿಡು. ಗಟ್ಟಿ ಹಿಡದೈತಿ ಅದು."

"ಗಟ್ಟಿ ಹಿಡದೈತಿ ಅಂತ ನಿನಗ ಹೆಂಗ ಗೊತ್ತು?"

"ಕಣ್ಣಿಲ್ಲೇನ ನನಗ? ನೀ ಪೈಪಿಗೆ ಬಾವಲಿ ಜೋತಂಗ ಜೋತೀದಿ, ಅದು ಜಪ್ಪಯ್ಯ ಅನ್ನವಲ್ದು."

ಫಕ್ಕೀರಪ್ಪ ನಗುತ್ತ ಹೋದ. ಉಳವಪ್ಪನ ತಲೆಯಲ್ಲಿ ಬೇರೆಯೇ ಗಾಣ ತಿರುಗತೊಡಗಿತು. ಇವನಿಗೆ ಇಷ್ಟು ಖಾತ್ರಿ ಹೇಗೆ? ಕಳೆದ ತಿಂಗಳು ಬಕೀಟು ಕೇಳಿಕೊಂಡು ಹಿತ್ತಲಿಗೆ ಬಂದಿದ್ದನಲ್ಲ? ಡೀಸೆಲ್ ಹಾಕಿ ಒಂದು ದಿನ ಪೂರ್ತಿ ನೆನೆಸಿ, ಮತ್ತೆ ಜೋತುಬಿದ್ದ. ಈ ಸಲ ಒಂದು ಕಡೆ ಏನೋ ಸಡಿಲಾದಂತೆ ಆಗಿ ಅವನ ಮುಖ ಅರಳಿತು. ನೋಡಿದರೆ ನಟ್ಟು ಬಂದಿರಲಿಲ್ಲ, ಸ್ಟಡ್ಡೇ ನಡುವೆ ತಿರುಚಿ ಮುರಿದಿತ್ತು.

ಉಳವಪ್ಪ ಕೆಳಗೆ ಕುಕ್ಕರಿಸಿದ. ಇದು ತನ್ನಿಂದ ತಾನೇ ಆದದ್ದಲ್ಲ, ಯಾರೋ ಮಾಡಿದ್ದು. ಶಿಗ್ಗಾವಿಯವನು ಆವತ್ತೇ ನಟ್ಟಿನೊಳಗೆ ಏನಾದರೂ ಅಂಟು ಹಾಕಿದ್ದಾನು, ಕಾರು ತಿರುಗಿ ತನ್ನಲ್ಲಿಗೇ ಬರಲಿ ಎಂದು. ಫಕ್ಕೀರಪ್ಪ ಬಿಚ್ಚಲು ಹೋಗಿ ಆಗದೆ ಇನ್ನಷ್ಟು ಬಿಗಿದಿದ್ದಾನು. ಸಿದ್ದವ್ವ? ಹೋಗುವ ಮುಂಚೆ ಸಿಟ್ಟಿನಲ್ಲಿ ಏನಾದರೂ... ಇಲ್ಲಿಗೆ ಬಂದಾಗ ಅವನ ಮನಸ್ಸು ತಾನೇ ನಾಚಿ ನಿಂತಿತು. ಆದರೂ ಪೂರ್ತಿ ನಿಲ್ಲಲಿಲ್ಲ. ಯಾರೇ ಆಗಿರಲಿ, ಗುರುತುಗಳು ಸುಳ್ಳು ಹೇಳುವುದಿಲ್ಲ. ಬಿಚ್ಚಿದ್ದರೆ ಜರುಗಿರಲೇಬೇಕು.

ಸಿದ್ದವ್ವ ಬಿಟ್ಟುಹೋದ ಹಳೆಯ ಕನ್ನಡಕವನ್ನು ಭೂತಗನ್ನಡಿಯಂತೆ ಹಿಡಿದು ನಟ್ಟುಗಳ ಮೇಲೆ ಬಗ್ಗಿದ. ಚಿಂದಿಯಿಂದ ಜಿಡ್ಡು ಒರೆಸುತ್ತ ಒಂದೊಂದನ್ನೇ ನೋಡಿದ. ಮೊದಲನೆಯದು ಸರಿಯಾಗಿ ಕೂಡಿತ್ತು. ಎರಡನೆಯದೂ ಕೂಡಿತ್ತು. ಎಲ್ಲ ಗುರುತುಗಳೂ, ಅವನು ಹೊಡೆದ ದಿನ ಹೇಗಿದ್ದವೋ ಹಾಗೆಯೇ, ನಟ್ಟಿನ ಅರ್ಧ ಸ್ಟಡ್ಡಿನ ಅರ್ಧಕ್ಕೆ ಕೂದಲೆಳೆಯಷ್ಟೂ ತಪ್ಪದಂತೆ ಕೂಡಿದ್ದವು. ಇಷ್ಟು ವರ್ಷ ಅವನ ಕಾರನ್ನು ಯಾರೂ ಮುಟ್ಟಿರಲಿಲ್ಲ. ಹೇಳಲು ನಾಚಿಕೆ, ಆದರೂ ಹೇಳಬೇಕು: ಉಳವಪ್ಪನಿಗೆ ಖುಷಿಯಾಗಲಿಲ್ಲ, ನಿರಾಸೆಯಾಯಿತು.

ಕನ್ನಡಕವನ್ನು ಇನ್ನಷ್ಟು ಹತ್ತಿರ ತಂದ. ಆಗ ಕಂಡಿತು. ಉಳಿ ಬಿದ್ದ ಕಡೆಯಲ್ಲೆಲ್ಲ ಸ್ಟಡ್ಡಿನ ತಿರುಪಿನ ಗೆರೆ ಜಜ್ಜಿಹೋಗಿ, ಅದರ ಲೋಹ ನಟ್ಟಿನ ಲೋಹದೊಳಕ್ಕೆ ನುಗ್ಗಿ, ಎರಡೂ ಒಂದಕ್ಕೊಂದು ಹಲ್ಲು ಕಚ್ಚಿಕೊಂಡು ನಿಂತಿದ್ದವು. ಅಂಟು ಹಾಕಿದವರು ಯಾರೂ ಇಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಉಳವಪ್ಪ ತನ್ನ ಬಲಗೈ ನೋಡಿಕೊಂಡ. ಅಲ್ಲಿ ಜಿಡ್ಡೂ ರಕ್ತವೂ ಹತ್ತಿತ್ತು. ಬಹಳ ಹೊತ್ತು ಅವನು ಆ ಚಪ್ಪರದಡಿಯಿಂದ ಏಳಲಿಲ್ಲ.

ಎದ್ದವನು ಗೋಡೆಯ ಬಳಿ ಹೋಗಿ, "ಫಕ್ಕೀರಾ, ಹಳೇ ಅಂಬಾಸಿಡರ್ ಕೆಲಸ ಗೊತ್ತಿದ್ದೋರು ಯಾರರ ಅದಾರೇನು?" ಎಂದು ಕೇಳಿದ. ಫಕ್ಕೀರಪ್ಪನ ಬಾಯಿಂದ ಬೇವಿನ ಕಡ್ಡಿ ಬಿತ್ತು.

ಬಂಕಾಪುರದಿಂದ ಜಾಕೀರ ಬೈಕಿನಲ್ಲಿ ಬಂದ. ನಲವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಬಾನೆಟ್ಟಿನೊಳಗೆ ಬಗ್ಗಿ ನೋಡಿ, ಒಂದು ನಟ್ಟಿನ ಮೇಲೆ ಬೆರಳಾಡಿಸಿ, ತಲೆ ಎತ್ತಿದ.

"ಕಾಕಾ, ಇದ್ಯಾವ ಪುಣ್ಯಾತ್ಮ ಉಳಿ ಹೊಡದಾನ್ರೀ?"

ಶಿಗ್ಗಾವಿ ಎಂಬ ಊರಿನ ಹೆಸರು ಉಳವಪ್ಪನ ನಾಲಿಗೆಯ ತುದಿಗೆ ಬಂದಿತ್ತು. "ಶಿ..." ಎಂದ. ನಿಂತ. ಆ ಹೆಸರನ್ನೇ ನುಂಗಿದ.

"ನಾನ."

"ಯಾಕ್ರೀ?"

"ಯಾರರ ಬಿಚ್ಚಿದ್ರ ಗೊತ್ತಾಗ್ಲಿ ಅಂತ."

ಜಾಕೀರ ನಗಲಿಲ್ಲ. "ಹಂಗಾರ ಮೊದಲ ನಿಮ್ಮ ಗುರ್ತು ಅಳಿಸಬೇಕ್ರಿ. ಅವು ಇರೂತನಾ ಇದು ಬಿಡಂಗಿಲ್ಲ" ಎಂದು ಒಂದು ಸಣ್ಣ ಮುಮ್ಮೂಲೆ ಅರ ಉಳವಪ್ಪನ ಕೈಗೆ ಕೊಟ್ಟು, ಇನ್ನೊಂದನ್ನು ತಾನು ಹಿಡಿದ. ಇಬ್ಬರೂ ಎದುರುಬದುರು ನಿಂತು ಗುರುತುಗಳನ್ನು ಅರದಿಂದ ಉಜ್ಜಿದರು. ಬಾರಿಸಲು ಒಂದು ಏಟು ಸಾಕಾಗಿತ್ತು, ಅಳಿಸಲು ಮಧ್ಯಾಹ್ನದವರೆಗೆ ಹಿಡಿಯಿತು. ಆಮೇಲೆ ಜಾಕೀರ ಪಾನ ಹಾಕಿ ನಟ್ಟನ್ನು ಬಿಚ್ಚುವ ಬದಲು ಕೂದಲೆಳೆಯಷ್ಟು ಬಿಗಿದ. ಉಳವಪ್ಪ ಅರ ಕೆಳಗಿಟ್ಟು ಮುಂದೆ ಬಗ್ಗಿದ. ಬಿಗಿಯುತ್ತಾನಲ್ಲ, ಇವನೂ ಕಳ್ಳನೇ! ಅಷ್ಟರಲ್ಲಿ ಜಾಕೀರ ಹಿಂದಕ್ಕೆ ತಿರುಗಿಸಿದ. ಮತ್ತೆ ಸ್ವಲ್ಪ ಮುಂದೆ, ಮತ್ತೆ ಸ್ವಲ್ಪ ಹಿಂದೆ, ನಡುವೆ ನಾಲ್ಕು ಹನಿ ಡೀಸೆಲ್. ನಟ್ಟು ಕಿರ್ರೆಂದು ಅತ್ತು ಬಿಟ್ಟುಕೊಟ್ಟಿತು. ಒಂದರ ಹಿಂದೆ ಒಂದು ಬಂದವು. ಮುರಿದ ಸ್ಟಡ್ಡಿನ ಮೇಲಿನ ತುಂಡೂ ನಟ್ಟಿನ ಸಮೇತ ಕೊನೆಗೆ ಬಂತು.

ನಟ್ಟುಗಳೆಲ್ಲ ಬಂದರೂ ಹೆಡ್ಡು ತುಕ್ಕು ಹಿಡಿದ ಸ್ಟಡ್ಡುಗಳನ್ನು ತಬ್ಬಿಕೊಂಡು ಕೂತಿತ್ತು. ಉಳವಪ್ಪ ಸುತ್ತಿಗೆಗೆ ಕೈ ಹಾಕಿದ. ಜಾಕೀರ ತಡೆದ. "ಬಡೀಬ್ಯಾಡ್ರಿ. ಪ್ಲಗ್ ಇದ್ದಲ್ಲೇ ಇರ್ಲಿ. ಮುಂದ ಹೋಗಿ ಹ್ಯಾಂಡಲ್ ಹಾಕಿ ತಿರುವ್ರಿ, ಒಳಗಿನ ಗಾಳೀನ ಅದನ್ನ ಎತ್ತತೈತಿ." ಉಳವಪ್ಪ ಹ್ಯಾಂಡಲ್ ತಿರುವಿದ. ಒಳಗೆ ಒತ್ತಿದ ಗಾಳಿ ದಾರಿ ಸಿಗದೆ ಹೆಡ್ಡನ್ನು ಟಪ್ಪೆಂದು ಮೇಲಕ್ಕೆತ್ತಿತು. ಮಕ್ಕಳಂತೆ ಇಬ್ಬರೂ ಒಟ್ಟಿಗೇ "ಬಂತು!" ಎಂದರು.

ಹೆಡ್ಡು ಸೊಟ್ಟಗಾಗಿತ್ತು. ಹಾವೇರಿಗೆ ಒಯ್ದು ಲೇತಿನ ಮೇಲೆ ಸಮ ಮಾಡಿಸಬೇಕು, ನಾಡಿದ್ದು ತರುತ್ತೇನೆ ಎಂದ ಜಾಕೀರ. ಉಳವಪ್ಪ ತಾನೂ ಬರುತ್ತೇನೆಂದ. ಬೈಕಿನ ಹಿಂದಿನ ಸೀಟಿಗೆ ಹೆಡ್ಡು ಕಟ್ಟಿದರೆ ಮನುಷ್ಯನಿಗೆ ಜಾಗ ಇರಲಿಲ್ಲ. ಜಾಕೀರ ಹಗ್ಗ ಬಿಗಿಯುತ್ತಿದ್ದಾಗ ಉಳವಪ್ಪನ ಕೈ ತನ್ನಷ್ಟಕ್ಕೆ ತಾನೇ ಉಳಿಯ ಮೇಲೆ ಹೋಯಿತು. ಒಂದು ಸಣ್ಣ ಚುಕ್ಕೆ ಸಾಕು. ಮೂಲೆಯಲ್ಲಿ, ಯಾರಿಗೂ ಕಾಣದಂತೆ. ಬೇರೆ ಹೆಡ್ಡು ತಂದುಕೊಟ್ಟರೆ ಹಿಡಿಯಲು ಬೇಕಲ್ಲ.

ಜಾಕೀರ ಅದನ್ನು ಕಂಡ. "ಹೊಡೀರಿ ಕಾಕಾ. ನಾ ಏನೂ ಅಂದ್ಕೊಳ್ಳಂಗಿಲ್ಲ" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿಲ್ಲದ ದನಿ ಹೇಗಿರುತ್ತದೆ, ಅದರ ಮುಂದೆ ಏನಾಗುತ್ತದೆ ಎಂಬುದನ್ನು ಉಳವಪ್ಪ ಈಚೆಗಷ್ಟೇ ಫೋನಿನಲ್ಲಿ ಕಲಿತಿದ್ದ. ಉಳಿಯನ್ನು ಕೆಳಗಿಟ್ಟ. ಬೈಕು ತಿರುವಿನಲ್ಲಿ ಮರೆಯಾಗುವವರೆಗೆ ನೋಡುತ್ತ ನಿಂತ.

ಮರುದಿನ ಅವನು ಪಟ್ಟ ಸಂಕಟ ಹಗೆಯವನಿಗೂ ಬೇಡ. ಜಾಕೀರನಿಗೆ ಫೋನು ಮಾಡಲು ಹೋಗಿ ಬಿಟ್ಟ, ಮತ್ತೆ ಹೋದ, ಮತ್ತೆ ಬಿಟ್ಟ. ಕಡೆಗೆ ಫೋನನ್ನು ಫಕ್ಕೀರಪ್ಪನ ಕೈಗೆ ಕೊಟ್ಟು, ಕೇಳಿದರೂ ಕೊಡಬೇಡ ಎಂದ. ಹೇಳಿದ ದಿನ ಹೆಡ್ಡು ಬಂತು, ಕನ್ನಡಿಯಂತೆ ಹೊಳೆಯುತ್ತ. ಅದು ತನ್ನದೇ ಹೌದೋ ಅಲ್ಲವೋ ಉಳವಪ್ಪನಿಗೆ ಗುರುತು ಹತ್ತಲಿಲ್ಲ. ತಿರುಗಿಸಿ ನೋಡಿದ, ಮೂಸಿ ನೋಡಿದ, ಗೊತ್ತಾಗಲಿಲ್ಲ. ಹೊಸ ಸ್ಟಡ್ಡು, ಹೊಸ ಗ್ಯಾಸ್ಕೆಟ್ ಹಾಕಿ ಜಾಕೀರ ಕೂರಿಸಿದ. ಎಂಜಿನ್ನಿನ ಸದ್ದು ಸುಧಾರಿಸಿತ್ತು. ಅನುಮಾನ ಬಂತು. ಬಂದದ್ದನ್ನು ಉಳವಪ್ಪ ಬಾಯಿಯವರೆಗೆ ಬರಲು ಬಿಡಲಿಲ್ಲ.

ಹಾನಗಲ್ಲಿನಲ್ಲಿ ಮಾದೇವಿಯ ಮನೆಯ ಕಟ್ಟೆಯ ಮೇಲೆ ಸಿದ್ದವ್ವ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ಮುಖಕ್ಕೆ ಹೊಸ ಕನ್ನಡಕ ಬಂದಿತ್ತು. ಕಾರು ನಿಂತರೂ ಏಳಲಿಲ್ಲ.

"ಸದ್ದು ಚಲೋ ಆಗೇತಿ. ಯಾರು ಮಾಡಿದ್ರು?"

"ಬಂಕಾಪುರದ ಜಾಕೀರ."

"ನೀವು ಮಗ್ಗಲದಾಗ ಕುಂತು ಕಣ್ಣಾಗ ಕಣ್ಣಿಟ್ಟು ನೋಡಿರಬೇಕಲ್ಲ."

"ಹೆಡ್ ಹಾವೇರಿಗೆ ಹೋಗಿತ್ತು. ನಾ ಹೋಗಿರಲಿಲ್ಲ."

ಮೆಣಸಿನಕಾಯಿ ಮುರಿಯುವ ಕೈ ನಿಂತಿತು. "ಮತ್ತ ತಿರುಗಿ ಬಂದದ್ದು ನಿಮ್ಮದ ಹೌದೋ ಅಲ್ಲೋ?"

"ಗೊತ್ತಿಲ್ಲ."

ಗಂಡನ ಬಾಯಿಂದ ಆ ಮಾತನ್ನು ಸಿದ್ದವ್ವ ಎಂದೂ ಕೇಳಿರಲಿಲ್ಲ. ಕಣ್ಣು ಕಿರಿದು ಮಾಡಿ ಅವನನ್ನು ನೋಡಿದಳು. ಒಳಗೆ ಹೋದಳು. ಹೊರಗೆ ಬಂದಾಗ ಕೈಯಲ್ಲಿ ಚೀಲವಿತ್ತು. ತನ್ನ ಸೀಟಿನಲ್ಲಿ ಕೂತಳು, ಆದರೆ ಕಿಟಕಿಯ ಮೇಲೆ ಮೊಣಕೈ ಇಡಲಿಲ್ಲ.

ತಿಳವಳ್ಳಿ ಬಂದಾಗ, "ಇಲ್ಲಿ ನಿಂದರಸ್ರಿ" ಎಂದಳು. ಇಳಿದು, ಒಂದು ಮಾತೂ ಹೇಳದೆ, ಕಾರಿನ ಹಿಂದಿದ್ದ ಒಂದು ಹಳೆಯ ಗೋಡೆಯ ಮಗ್ಗುಲಿಗೆ ತಿರುಗಿ ಮರೆಯಾದಳು. ಎಲ್ಲಿಗೆ ಎಂಬ ಮಾತು ಉಳವಪ್ಪನ ಹಲ್ಲಿನವರೆಗೆ ಬಂದು ನಿಂತಿತು. ಈ ಊರಲ್ಲಿ ಅವಳಿಗೆ ಯಾರಿದ್ದಾರೆ? ಕನ್ನಡಿಯಲ್ಲಿ ಆ ಗೋಡೆ ಕಾಣುತ್ತಿತ್ತು. ನೋಡಿದರೆ ಸಾಕು, ಯಾವ ಬಾಗಿಲಿಗೆ ಹೋದಳೆಂದು ಗೊತ್ತಾಗುತ್ತದೆ. ಅವನು ಕೈ ಎತ್ತಿ ಕನ್ನಡಿಯನ್ನು ಆಚೆ ತಿರುಗಿಸಿಬಿಟ್ಟ. ಒಂದು ಬಸ್ಸು ಬಂತು, ಮಂದಿ ಇಳಿಸಿ ಹೋಯಿತು. ಇನ್ನೊಂದು ಬಂತು. ಕಡೆಗೆ ಸಿದ್ದವ್ವ ಬರಿಗೈಯಲ್ಲೇ ಬಂದು ಕೂತಳು. ಅವನು ಗಾಡಿ ಬಿಟ್ಟ.

ಊರು ಹಿಂದೆ ಬಿತ್ತು. ಹತ್ತಿ ಕಿತ್ತ ಹೊಲಗಳು ಎರಡೂ ಕಡೆ ಸರಿದವು.

"ಕೇಳೂದಿಲ್ಲೇನ್ರಿ?" ಎಂದಳು.

"ಏನು?"

"ಎಲ್ಲಿ ಹೋಗಿದ್ದೆ ಅಂತ."

"ನೀ ಹೇಳಿದ್ರ ಕೇಳ್ತೇನಿ. ಇಲ್ಲಾಂದ್ರ ಬ್ಯಾಡ."

ಸಿದ್ದವ್ವ ಹೊಸ ಕನ್ನಡಕ ತೆಗೆದು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಎಲ್ಲೂ ಹೋಗಿರಲಿಲ್ಲರಿ. ಆ ಗ್ವಾಡಿ ಹಿಂದ ನಿಂತು ನಿಮ್ಮನ್ನ ನೋಡಾಕತ್ತಿದ್ದೆ. ಇಳದು ಬೆನ್ನ ಹತ್ತಿ ಬರ್ತೀರೋ, ಮಂದೀನ ಕೇಳ್ತೀರೋ ಅಂತ. ನೀವು ಕನ್ನಡಿ ತಿರುಗಿಸಿದ್ದನ್ನೂ ನೋಡಿದೆ. ಅದಾದ ಮ್ಯಾಲೂ ಅಲ್ಲೇ ನಿಂತು ನೋಡಿದೆ." ಅವಳ ದನಿ ಒಡೆಯಿತು. "ನೋಡ್ರಿ, ನಿಮ್ಮ ಜೋಡಿ ಇದ್ದು ಇದ್ದು ನಾನೂ ನಿಮ್ಮಂಗನ ಆಗೇನಿ."

ಪರೀಕ್ಷೆಯಲ್ಲಿ ಗೆದ್ದವನಿಗೆ ಸಂತೋಷವಾಗಬೇಕಿತ್ತು. ಆದರೆ ನಗುತ್ತ ತನ್ನ ಮನೆ ಹೊಕ್ಕಿದ್ದ ಹುಡುಗಿ ಇಂದು ಗೋಡೆಯ ಹಿಂದೆ ಅಡಗಿ ಗಂಡನನ್ನು ಹೊಂಚಿ ನೋಡುವಂತೆ ಮಾಡಿದವನು ತಾನೇ ಎಂಬುದು ಉಳವಪ್ಪನ ಎದೆಯನ್ನು ಹಿಂಡಿಬಿಟ್ಟಿತು. ರಸ್ತೆಯ ಬದಿಗೆ ಕಾರು ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಅವಳ ಕಡೆ ತಿರುಗಿದ. "ತಪ್ಪಾತು ಸಿದ್ದವ್ವಾ" ಎಂದ, ಅನ್ನುತ್ತಲೇ ಅವನ ಕಣ್ಣು ತುಂಬಿದವು. ಸಿದ್ದವ್ವ ಕನ್ನಡಕ ಹಾಕಿಕೊಂಡು, ಖರೆ ಅಳುತ್ತಿದ್ದಾನೋ ಇಲ್ಲವೋ ಎಂದು ಅವನ ಮುಖವನ್ನು ಬಹಳ ಹೊತ್ತು ನೋಡಿದಳು.